ಸಿಕಲ್ ಸೆಲ್ ವರದಿಯನ್ನು ಬಿಡಿಸಿ ಹೇಳುವವರು ಯಾರು?

ಜೀವವಿಜ್ಞಾನ, ವೈದ್ಯಕೀಯ ಮತ್ತು ಸಮಾಜಕಾರ್ಯ ವಿಭಾಗಗಳ ಅಧ್ಯಾಪಕರಿಗೆ ಒಂದು ಬಹಿರಂಗ ಪತ್ರ



ಮೂರು ಬೇರೆ ಬೇರೆ ಕಟ್ಟಡಗಳಲ್ಲಿ ಪಾಠ ಮಾಡುವ ನಿಮಗೆಲ್ಲ ಒಂದೇ ಪತ್ರ ಬರೆಯುತ್ತಿದ್ದೇನೆ. ವಿಷಯ ಒಂದೇ ಆಗಿರುವುದರಿಂದ ಹಾಗೆ ಮಾಡದೆ ಬೇರೆ ದಾರಿ ಕಾಣಲಿಲ್ಲ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನ ಶುರುವಾಯಿತು. ಬುಡಕಟ್ಟು ಜನರು ಹೆಚ್ಚಿರುವ 17 ರಾಜ್ಯಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ರಕ್ತ ಪರೀಕ್ಷಿಸಬೇಕು, 2047ರ ಹೊತ್ತಿಗೆ ಈ ಕಾಯಿಲೆ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿಯಬಾರದು ಎಂಬುದು ಅದರ ಗುರಿ. ಕರ್ನಾಟಕವೂ ಆ ಪಟ್ಟಿಯಲ್ಲಿದೆ. ಸೋಲಿಗರ ಪೋಡುಗಳಿಗೂ ಜೇನು ಕುರುಬ, ಬೆಟ್ಟ ಕುರುಬ, ಯರವರ ಹಾಡಿಗಳಿಗೂ ಸಂಬಂಧಿಸಿದ ಕೆಲಸ ಇದು. ರಕ್ತ ತೆಗೆಯುವವರಿದ್ದಾರೆ, ಯಂತ್ರಗಳಿವೆ, ಫಲಿತಾಂಶ ಬರೆದ ಬಣ್ಣದ ಕಾರ್ಡುಗಳಿವೆ. ಆದರೆ ಕಾರ್ಡು ಕೈಗೆ ಬಂದ ಮೇಲೆ ತಾಯಿಯೊಬ್ಬಳು ‘ಇದೇನು ಹೇಳುತ್ತೆ? ನನ್ ಮಗ್ಳಿಗೆ ಮದ್ವೆ ಆಗುತ್ತಾ?’ ಎಂದು ಕೇಳಿದರೆ, ಅವಳೆದುರು ಕೂತು ನಿಧಾನವಾಗಿ ವಿವರಿಸಲು ತರಬೇತಿ ಪಡೆದವರು ನಮ್ಮಲ್ಲಿ ತೀರಾ ಕಡಿಮೆ. ಅಂಥವರನ್ನು ತಯಾರು ಮಾಡುವ ಶಕ್ತಿ ನಿಮ್ಮ ಮೂರೂ ವಿಭಾಗಗಳಲ್ಲಿ ಹಂಚಿಹೋಗಿ ಕೂತಿದೆ.

ಈ ಕಾಯಿಲೆಯ ವಿಷಯದಲ್ಲಿ ವಿಜ್ಞಾನ ಹಿಂದೆ ಬಿದ್ದಿಲ್ಲ. 1910ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್, ಗ್ರೆನಡಾ ದ್ವೀಪದಿಂದ ದಂತವೈದ್ಯಕೀಯ ಓದಲು ಬಂದಿದ್ದ ಯುವಕನ ರಕ್ತದಲ್ಲಿ ಕುಡಗೋಲಿನ ಹಾಗೆ ಬಾಗಿದ ಕೆಂಪು ಕಣಗಳಿದ್ದುದನ್ನು ವರದಿ ಮಾಡಿದರು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ದೋಷವಿರುವುದು ಹಿಮೋಗ್ಲೋಬಿನ್ ಅಣುವಿನಲ್ಲೇ ಎಂದು ತೋರಿಸಿದರು. ಅಣುವೊಂದರ ಕಾಯಿಲೆ ಎಂಬ ಮಾತು ವೈದ್ಯಕೀಯಕ್ಕೆ ಬಂದದ್ದೇ ಆಗ. ಕೆಲವೇ ವರ್ಷಗಳಲ್ಲಿ ಕೇಂಬ್ರಿಜ್‌ನಲ್ಲಿ ವರ್ನನ್ ಇನ್‌ಗ್ರಾಮ್ ಆ ದೋಷದ ಜಾಗವನ್ನೂ ಹಿಡಿದರು: ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕೂತಿದೆ, ಅಷ್ಟೇ. ನಮ್ಮ ಕಡೆಗೂ ಸಂಶೋಧಕರ ಕಣ್ಣು ಬೇಗನೆ ಬಿತ್ತು. 1952ರಲ್ಲೇ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ನೀಲಗಿರಿಯ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಗುಣವಿದೆ ಎಂದು ಪ್ರಕಟಿಸಿದರು. ಪಾಲಿಂಗ್ ಅವರ ಪ್ರಬಂಧ ಬಂದು ಆಗ ಮೂರೇ ವರ್ಷ. ಅಲ್ಲಿಂದ ಇಲ್ಲಿಯವರೆಗೆ ಎಪ್ಪತ್ತು ವರ್ಷಕ್ಕೂ ಮೀರಿದ ಕಾಲ ಕಳೆದಿದೆ. ನೀಲಗಿರಿಯ ಈಚೆ ಬದಿಯ ಕಾಡುಗಳಲ್ಲಿ ಎಷ್ಟೋ ಮಕ್ಕಳು ‘ರಕ್ತ ಕಡಿಮೆ’ ಎಂಬ ಒಂದೇ ಮಾತಿನ ಕೆಳಗೆ, ಕಾಯಿಲೆಯ ಹೆಸರೂ ತಿಳಿಯದೆ ನರಳಿದ್ದಾರೆ.

ಜೀವವಿಜ್ಞಾನದ ಅಧ್ಯಾಪಕರೇ, ಮೊದಲ ಮಾತು ನಿಮಗೆ. ಸಿಕಲ್ ಹಿಮೋಗ್ಲೋಬಿನ್ ಬಗ್ಗೆ ನೀವು ಮಾಡುವ ಪಾಠ ಸಾಮಾನ್ಯವಾಗಿ ಆರನೆಯ ಅಮೈನೋ ಆಮ್ಲಕ್ಕೆ ನಿಂತುಬಿಡುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಹಾಡಿಯ ಮನುಷ್ಯನಿಗೆ ಬೇಕಾದ ವಿಜ್ಞಾನ ಅದರ ಮುಂದಿನದು. ಆಮ್ಲಜನಕ ಹೊತ್ತಿರುವವರೆಗೆ ಈ ಹಿಮೋಗ್ಲೋಬಿನ್ ಸುಮ್ಮನಿರುತ್ತದೆ. ಅಂಗಾಂಶಕ್ಕೆ ಆಮ್ಲಜನಕ ಕೊಟ್ಟು ಖಾಲಿಯಾದ ಕೂಡಲೇ ಒಂದು ಅಣುವಿನ ವ್ಯಾಲೀನ್ ಪಕ್ಕದ ಅಣುವಿನ ಗುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೀಗೆ ಅಣುಗಳು ಸಾಲುಗಟ್ಟಿ ಉದ್ದನೆಯ ಎಳೆಗಳಾಗಿ ಬೆಳೆದು ಕಣವನ್ನು ಒಳಗಿನಿಂದ ಸೆಟೆಸುತ್ತವೆ. ಆದರೆ ಎಳೆ ಹುಟ್ಟುವುದಕ್ಕೆ ಸ್ವಲ್ಪ ಹೊತ್ತು ಬೇಕು. ಅಷ್ಟರೊಳಗೆ ಕಣ ಸೂಕ್ಷ್ಮ ರಕ್ತನಾಳವನ್ನು ದಾಟಿ ಶ್ವಾಸಕೋಶಕ್ಕೆ ಮರಳಿಬಿಟ್ಟರೆ ಅಪಾಯವಿಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ವಿಲಿಯಂ ಈಟನ್ ಮತ್ತು ಜೇಮ್ಸ್ ಹಾಫ್‌ರಿಕ್ಟರ್ ಈ ವಿಳಂಬವನ್ನು ಅಳೆದರು. ಕಣದೊಳಗೆ ಹಿಮೋಗ್ಲೋಬಿನ್‌ನ ಸಾಂದ್ರತೆ ತುಸುವೇ ಏರಿದರೂ ಆ ವಿಳಂಬ ಸರ್ರನೆ ಕುಸಿಯುತ್ತದೆ ಎಂದು ಕಂಡುಕೊಂಡರು.

ಈಗ ನೋಡಿ. ‘ಚೆನ್ನಾಗಿ ನೀರು ಕುಡಿ, ಬಿಸಿಲಲ್ಲಿ ಬಸವಳಿಯಬೇಡ’ ಎಂದು ವೈದ್ಯರು ಹೇಳುವ ಮಾತಿನ ಹಿಂದೆ ಇರುವುದು ಇದೇ ಸಂಶೋಧನೆ. ಮೈಯಲ್ಲಿ ನೀರು ಕಡಿಮೆಯಾದರೆ ಕಣವೂ ಒಣಗುತ್ತದೆ, ಒಳಗಿನ ಸಾಂದ್ರತೆ ಏರುತ್ತದೆ, ಎಳೆಗಳು ಬೇಗ ಹುಟ್ಟುತ್ತವೆ, ಕಣ ನಾಳದ ನಡುವೆಯೇ ಸೆಟೆದು ನಿಲ್ಲುತ್ತದೆ, ಮೂಳೆ ಸೀಳುವಂಥ ನೋವು ಬರುತ್ತದೆ. ಕಾಫಿ ತೋಟದಲ್ಲಿ ದಿನವಿಡೀ ಕೂಲಿ ಮಾಡುವ ಹುಡುಗನಿಗೆ ‘ನೀರು ಕುಡಿ’ ಎನ್ನುವುದು ಒಂದು. ನೀರು ಅವನ ಮೈಯೊಳಗೆ ಏನು ಮಾಡುತ್ತದೆ ಎಂದು ಅವನಿಗೆ ಅರ್ಥವಾಗುವ ಹಾಗೆ ಹೇಳುವುದು ಬೇರೆಯೇ. ಕಾರಣ ತಿಳಿದವನು ಮಧ್ಯಾಹ್ನ ಮೇಸ್ತ್ರಿಯ ಹತ್ತಿರ ಹೋಗಿ ನೀರಿಗೆ ಬಿಡುವು ಕೇಳಿಯಾನು. ಬರೀ ಉಪದೇಶ ಕೇಳಿ ಬಂದವನಿಗೆ ಆ ಧೈರ್ಯ ಬರುವುದು ಕಷ್ಟ.

ವೈದ್ಯಕೀಯದ ಅಧ್ಯಾಪಕರಿಗೆ ಈ ಕಾಯಿಲೆಯ ಚಿಕಿತ್ಸೆ ಹೊಸದಲ್ಲ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮಗುವಿಗೆ ತೊಂದರೆ ಕಾಣುವುದಿಲ್ಲ. ಭ್ರೂಣದ ಕಾಲದ ಹಿಮೋಗ್ಲೋಬಿನ್ ಇನ್ನೂ ರಕ್ತದಲ್ಲಿ ಉಳಿದು ಎಳೆ ಕಟ್ಟುವುದನ್ನು ತಡೆಯುತ್ತಿರುತ್ತದೆ. ಅದೇ ಹಿಮೋಗ್ಲೋಬಿನನ್ನು ದೊಡ್ಡವರಲ್ಲೂ ಮತ್ತೆ ಹೆಚ್ಚಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆ ನೋವಿನ ದಾಳಿಗಳನ್ನು ಗಣನೀಯವಾಗಿ ತಗ್ಗಿಸುತ್ತದೆ ಎಂದು 1995ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತು. ಎಳೆಯ ಮಕ್ಕಳಿಗೆ ದಿನವೂ ಪೆನಿಸಿಲಿನ್ ಕೊಟ್ಟರೆ ಪ್ರಾಣಕ್ಕೆ ಎರವಾಗುವ ಸೋಂಕು ತಪ್ಪುತ್ತದೆ ಎಂಬುದು 1986ರಿಂದಲೇ ಗೊತ್ತು. 2023ರ ಕೊನೆಯಲ್ಲಿ ಬ್ರಿಟನ್ನೂ ಅಮೆರಿಕವೂ ವಂಶವಾಹಿಯನ್ನೇ ತಿದ್ದುವ ಕ್ಯಾಸ್‌ಗೆವಿ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ದೆಹಲಿಯ ಐಜಿಐಬಿ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ವಿಜ್ಞಾನಿಗಳು ಕಡಿಮೆ ಖರ್ಚಿನ ದಾರಿ ಹುಡುಕುತ್ತಿದ್ದಾರೆ, ಅದು ಬೇಗ ಕೈಗೂಡಲಿ ಎಂದು ಮನಸಾರೆ ಹಾರೈಸುತ್ತೇನೆ. ಆದರೆ ಇವತ್ತು ಗುಂಡ್ಲುಪೇಟೆಯಲ್ಲೋ ಹೆಗ್ಗಡದೇವನಕೋಟೆಯಲ್ಲೋ ಇರುವ ಮಗುವನ್ನು ಉಳಿಸುವುದು ಪೆನಿಸಿಲಿನ್, ಲಸಿಕೆ, ಫೋಲಿಕ್ ಆಮ್ಲ, ಹೈಡ್ರಾಕ್ಸಿಯೂರಿಯಾ, ಮತ್ತೆ ಜ್ವರ ಬಂದ ದಿನವೇ ಆಸ್ಪತ್ರೆಗೆ ಹೊರಡುವ ತಿಳಿವಳಿಕೆ. ಇವೆಲ್ಲ ಅಗ್ಗದವು. ಆದರೆ ವರ್ಷಗಟ್ಟಲೆ ತಪ್ಪದೆ ನಡೆಯಬೇಕು. ನೋವಿಲ್ಲದ ದಿನ ಯಾರಿಗಾದರೂ ಮಾತ್ರೆ ಏಕೆ ಎನಿಸುತ್ತದೆ. ನುಂಗಿಸುವ ಮಾತು ಯಾರದು? ಹೊರರೋಗಿ ವಿಭಾಗದ ಸಾಲಿನಲ್ಲಿ ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ ಸಿಗುವ ವೈದ್ಯರದ್ದಂತೂ ಆಗಲಾರದು.

ನನ್ನ ಪತ್ರದ ತಿರುಳು ಮದುವೆಯ ಪ್ರಶ್ನೆಯಲ್ಲಿದೆ. ಅದನ್ನು ಬಿಡಿಸಿಯೇ ಬರೆಯುತ್ತೇನೆ.

ಶಿಬಿರದಲ್ಲಿ ಮೊದಲು ಮಾಡುವ ಕರಗುವಿಕೆಯ ಪರೀಕ್ಷೆ ರಕ್ತದಲ್ಲಿ ಸಿಕಲ್ ಹಿಮೋಗ್ಲೋಬಿನ್ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಅದಿರುವವರು ಕಾಯಿಲೆಯವರೋ ಬರೀ ವಾಹಕರೋ ಎಂಬುದನ್ನು ಎಚ್‌ಪಿಎಲ್‌ಸಿಯಂಥ ಮುಂದಿನ ಪರೀಕ್ಷೆಯೇ ಹೇಳಬೇಕು. ಇವೆರಡರ ನಡುವಿನ ದಿನಗಳಲ್ಲಿ ‘ಪಾಸಿಟಿವ್’ ಎಂಬ ಒಂದು ಪದ ಊರು ತುಂಬ ಓಡಾಡಿಬಿಡುತ್ತದೆ. ವಾಹಕರು ಆರೋಗ್ಯವಂತರು. ಅವರ ಎರಡು ವಂಶವಾಹಿಗಳಲ್ಲಿ ಒಂದು ಸರಿಯಾಗಿರುವುದರಿಂದ ಎಲ್ಲರಂತೆ ದುಡಿಯಬಲ್ಲರು, ಓಡಬಲ್ಲರು, ಹೆರಬಲ್ಲರು. ಆದರೆ ಶಾಲೆಯ ಸಾಲಿನಲ್ಲಿ ಎಲ್ಲರ ಎದುರು ಹೆಸರು ಕೂಗಿ ಪಕ್ಕಕ್ಕೆ ನಿಲ್ಲಿಸಿದ ಹುಡುಗಿಯನ್ನು ಇನ್ನು ಮುಂದೆ ಊರು ‘ಕಾಯ್ಲೆಯವಳು’ ಎಂದೇ ನೋಡುತ್ತದೆ. ಎಚ್‌ಐವಿ ಪರೀಕ್ಷೆಗೆ ಮುನ್ನ ಒಪ್ಪಿಗೆ, ಮುನ್ನವೂ ನಂತರವೂ ಆಪ್ತಸಮಾಲೋಚನೆ, ಗೋಪ್ಯತೆ, ಇವನ್ನೆಲ್ಲ ನಮ್ಮ ತಾಲ್ಲೂಕು ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳು ವರ್ಷಗಳಿಂದ ಪಾಲಿಸುತ್ತ ಬಂದಿವೆ. 2017ರಲ್ಲಿ ಅದಕ್ಕೊಂದು ಕಾಯ್ದೆಯೂ ಬಂತು. ಅದೇ ಆಸ್ಪತ್ರೆಯ ಪಕ್ಕದ ಕೋಣೆಯಲ್ಲಿ ತಳಿಗೆ ಸಂಬಂಧಿಸಿದ ವರದಿ ಕೊಡುವಾಗ ಆ ಎಚ್ಚರ ಏಕಿರಬಾರದು? ಈ ವರದಿ ಒಬ್ಬರದಷ್ಟೇ ಅಲ್ಲ, ಅಣ್ಣ ತಮ್ಮ ಅಕ್ಕ ತಂಗಿಯರ ಗುಟ್ಟನ್ನೂ ಹೊರಗೆ ಹಾಕುತ್ತದೆ.

ಮದುವೆಗೆ ಮುಂಚೆ ಹುಡುಗ ಹುಡುಗಿಯ ಕಾರ್ಡು ಹೊಂದಿಸಿ ನೋಡಬೇಕು ಎಂಬ ಸಲಹೆ ಅಭಿಯಾನದ ಜೊತೆಗೇ ಬಂದಿದೆ. ಸಲಹೆಯ ಹಿಂದಿನ ಗಣಿತ ಸರಿಯಾದದ್ದು: ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಆದರೆ ಇಂಥ ಕಾರ್ಡನ್ನು ಬಲ್ಲವರ ಮಾತಿಲ್ಲದೆ ಕೈಗಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನಲ್ಲಿ ಆಗಲೇ ಸಾಕ್ಷಿ ಇದೆ. ಗ್ರೀಸಿನ ಆರ್ಕೊಮೆನೋಸ್ ಊರಿನಲ್ಲಿ ಜಾರ್ಜ್ ಸ್ಟಾಮಟೊಯಾನೊಪೌಲೋಸ್ ಅವರ ತಂಡ ಜನರ ರಕ್ತ ಪರೀಕ್ಷಿಸಿ ಯಾರು ಯಾರು ವಾಹಕರು ಎಂದು ತಿಳಿಸಿತು. ಅಲ್ಲಿಯೂ ಮದುವೆಗಳು ಹಿರಿಯರ ಮಾತುಕತೆಯಲ್ಲಿ ಗೊತ್ತಾಗುತ್ತಿದ್ದವು. ವಾಹಕರೆಂದು ತಿಳಿದವರಿಗೆ ಸಂಬಂಧ ಕುದುರುವುದು ಕಷ್ಟವಾಯಿತು. ಹಲವರು ವಿಷಯ ಮುಚ್ಚಿಟ್ಟರು. ಕೊನೆಗೆ ನೋಡಿದರೆ ವಾಹಕರ ನಡುವಿನ ಮದುವೆಗಳು ತಗ್ಗಿರಲಿಲ್ಲ, ಅವಮಾನ ಮಾತ್ರ ಉಳಿದಿತ್ತು. ಹುಡುಗಿ ನೋಡುವ ಶಾಸ್ತ್ರದಲ್ಲಿ ಬಣ್ಣ, ಜಾತಕ, ವರದಕ್ಷಿಣೆ ಎಲ್ಲವನ್ನೂ ತೂಗುವ ನಮ್ಮ ಸಮಾಜಕ್ಕೆ ಈ ಕಥೆ ದೂರದ್ದೆಂದು ನಿಮಗೆ ಅನ್ನಿಸುತ್ತದೆಯೇ?

ಅಮೆರಿಕದ ಅನುಭವ ಇನ್ನೂ ಕಹಿಯಾದದ್ದು. ಅಣುವಿನ ದೋಷ ಕಂಡುಹಿಡಿದ ಅದೇ ಪಾಲಿಂಗ್, 1968ರಲ್ಲಿ, ವಾಹಕರ ಹಣೆಯ ಮೇಲೆ ಹಚ್ಚೆ ಹಾಕಿದರೆ ಅಂಥ ಇಬ್ಬರು ಪರಸ್ಪರ ಪ್ರೀತಿಸುವುದು ತಪ್ಪೀತು ಎಂದು ಬರೆದರು. ಎರಡು ನೊಬೆಲ್ ಪಡೆದ ಮಹಾ ವಿಜ್ಞಾನಿ, ದುಃಖ ತಪ್ಪಿಸಬೇಕೆಂಬ ಸದುದ್ದೇಶದಿಂದಲೇ ಬರೆದದ್ದು. ಅಣುವಿನ ಜ್ಞಾನ ಎಷ್ಟೇ ಆಳವಾಗಿರಲಿ, ಅದರಿಂದ ಮನುಷ್ಯರ ನಡುವೆ ಹೇಗೆ ನಡೆದುಕೊಳ್ಳಬೇಕೆಂಬುದು ತಾನಾಗಿ ಹೊಳೆಯುವುದಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ನಿದರ್ಶನ ಗೊತ್ತಿಲ್ಲ. ಮುಂದೆ 1970ರ ದಶಕದ ಆರಂಭದಲ್ಲಿ ಹಲವು ರಾಜ್ಯಗಳು ಕಪ್ಪು ಜನರಿಗೆ ಪರೀಕ್ಷೆ ಕಡ್ಡಾಯ ಮಾಡಿದವು. ಕಾಯಿಲೆಯೂ ವಾಹಕ ಸ್ಥಿತಿಯೂ ಬೇರೆ ಎಂಬುದನ್ನು ಕಾನೂನು ಬರೆದವರೇ ಸರಿಯಾಗಿ ತಿಳಿದಿರಲಿಲ್ಲ. ಆರೋಗ್ಯವಂತ ವಾಹಕ ಯುವಕರನ್ನು ಅಲ್ಲಿನ ವಾಯುಪಡೆಯ ಅಕಾಡೆಮಿ 1981ರವರೆಗೆ ಸೇರಿಸಿಕೊಳ್ಳಲಿಲ್ಲ.

ಸೈಪ್ರಸ್ ಬೇರೆ ದಾರಿ ಹಿಡಿಯಿತು. ಅಲ್ಲಿನ ಕಾಯಿಲೆ ಥಲಸ್ಸೇಮಿಯಾ, ಇದರ ಹತ್ತಿರದ ಸಂಬಂಧಿ. ಮದುವೆಗೆ ಮುನ್ನ ಜೋಡಿ ಪರೀಕ್ಷೆ ಮಾಡಿಸಿಕೊಂಡು ಸಲಹೆ ಪಡೆದಿದೆ ಎಂಬ ಪತ್ರವನ್ನು ಚರ್ಚ್ ಕೇಳಲಾರಂಭಿಸಿತು. ಫಲಿತಾಂಶ ಏನು ಎಂಬುದನ್ನು ಕೇಳಲಿಲ್ಲ. ಇಬ್ಬರೂ ವಾಹಕರೆಂದು ತಿಳಿದ ಮೇಲೂ ಬಹುತೇಕ ಜೋಡಿಗಳು ಮದುವೆಯಾದವು. ಬಸಿರಿನ ಮೊದಲ ತಿಂಗಳುಗಳಲ್ಲಿ ಪರೀಕ್ಷೆ ಮಾಡಿಸುವ ಸೌಲಭ್ಯ ಅವರಿಗಿತ್ತು, ಜೊತೆಗೆ ಕೂತು ಮಾತಾಡುವವರಿದ್ದರು. ಕಾಯಿಲೆಯೊಡನೆ ಹುಟ್ಟುವ ಮಕ್ಕಳ ಸಂಖ್ಯೆ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಇದೆಲ್ಲ ನಮಗೆ ಹಾಗೆಯೇ ಹೊಂದುತ್ತದೆ ಎಂದು ನಾನು ಹೇಳುತ್ತಿಲ್ಲ. ಸೈಪ್ರಸ್ ಚಿಕ್ಕ ದ್ವೀಪ. ನಮ್ಮ ಹಾಡಿಗಳಿಂದ ಅಂಥ ಪರೀಕ್ಷೆ ಮಾಡುವ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿ ಬರುವುದೇ ಒಂದು ದಿನದ ಕೂಲಿ ಕಳೆದುಕೊಂಡ ಹಾಗೆ. ಮಗುವನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನ ಆ ತಾಯಿಯದು, ಹೊರಗಿನವರು ಅತ್ತ ಇತ್ತ ತಳ್ಳುವುದು ಅನ್ಯಾಯ.

ಹೀಗೆ ಕೂತು ಮಾತಾಡುವುದಕ್ಕೆ ಒಂದು ವಿದ್ಯೆ ಇದೆ, ಅದಕ್ಕೊಂದು ಚರಿತ್ರೆಯೂ ಇದೆ. ಜೆನೆಟಿಕ್ ಕೌನ್ಸೆಲಿಂಗ್ ಎಂಬ ಹೆಸರನ್ನು 1947ರಲ್ಲಿ ಮಿನೆಸೋಟದ ಷೆಲ್ಡನ್ ರೀಡ್ ತಂದರು. ಜನಾಂಗ ಶುದ್ಧಿಯ ಮಾತಾಡುತ್ತಿದ್ದವರಿಂದ ದೂರ ನಿಂತು, ಸಮಾಜಕಾರ್ಯಕ್ಕೆ ಹತ್ತಿರವಾದ ಸೇವೆಯನ್ನಾಗಿ ಅವರು ಅದನ್ನು ಕಂಡರು. ನ್ಯೂಯಾರ್ಕ್ ಬಳಿಯ ಸಾರಾ ಲಾರೆನ್ಸ್ ಕಾಲೇಜಿನಲ್ಲಿ 1969ರಲ್ಲಿ ಮೊದಲ ತರಬೇತಿ ಶುರುವಾಯಿತು. ನಮ್ಮಲ್ಲೂ ದೊಡ್ಡ ನಗರಗಳ ಕೆಲವು ಕೇಂದ್ರಗಳಲ್ಲಿ ಈ ಕೆಲಸ ನಡೆದಿದೆ. ಅಲ್ಲಿ ಕಲಿತವರು ಇಂಗ್ಲಿಷಿನಲ್ಲಿ ಕಲಿತು, ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಉಳಿಯುವುದು ಸಹಜ. ಪುಣಜನೂರಿಗೋ ಬೈರಕುಪ್ಪೆಗೋ ಅವರು ಬರಲಿ ಎಂದು ಕಾಯುತ್ತ ಕೂರುವುದು ಬೇಡ.

ಸಮಾಜಕಾರ್ಯ ಮತ್ತು ಮನಶ್ಶಾಸ್ತ್ರ ಕಲಿಸುವವರು ಇಲ್ಲಿ ಮುಂದೆ ಬರಬೇಕು. ಕೇಳಿಸಿಕೊಳ್ಳುವುದು, ತೀರ್ಪು ಕೊಡದಿರುವುದು, ಗುಟ್ಟು ಕಾಯುವುದು, ದುಃಖದ ಎದುರು ಸುಮ್ಮನೆ ಕೂರುವುದು ನಿಮ್ಮ ವಿದ್ಯಾರ್ಥಿಗಳಿಗೆ ಗೊತ್ತು. ಅವರಿಗೆ ವಂಶವಾಹಿಯ ಲೆಕ್ಕ ಗೊತ್ತಿಲ್ಲ. ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ಲೆಕ್ಕ ಗೊತ್ತು, ಅಳುವ ತಾಯಿಯ ಎದುರು ಬಾಯಿ ಬರುವುದಿಲ್ಲ. ‘ನಾಲ್ಕರಲ್ಲಿ ಒಂದು’ ಎಂದು ಹೇಳಿ ಎದ್ದು ಹೋದರೆ ತಾಯಿ, ಒಂದು ಮಗುವಿಗೆ ಬಂದಾಗಿದೆ, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂದುಕೊಳ್ಳುತ್ತಾಳೆ. ಇದು ಎಲ್ಲೆಡೆ ಕಾಣುವ ತಪ್ಪು ತಿಳಿವಳಿಕೆ. ಗಂಡನ ಕೈಗೆ ಎರಡು, ಹೆಂಡತಿಯ ಕೈಗೆ ಎರಡು ಕಾಳು ಕೊಟ್ಟು, ಒಂದು ಅವರೆ ಒಂದು ಹುರುಳಿ, ಕಣ್ಣು ಮುಚ್ಚಿ ಒಂದೊಂದನ್ನು ತೆಗೆದು ಜೋಡಿಸಿ ಎಂದು ಹೇಳಿ, ಪ್ರತಿ ಸಲವೂ ಕಾಳುಗಳನ್ನು ವಾಪಸು ಹಾಕಿಸಿ ಮತ್ತೆ ತೆಗೆಸಿದರೆ, ಪ್ರತಿ ಬಸಿರೂ ಹೊಸ ಲೆಕ್ಕ ಎಂಬುದು ಅವರ ಕೈಗೇ ಗೊತ್ತಾಗುತ್ತದೆ. ಎರಡು ಹುರುಳಿ ಸೇರಲು ಇಬ್ಬರ ಕೈಯಿಂದಲೂ ಬರಬೇಕು ಎಂಬುದೂ ಕಾಣುತ್ತದೆ. ‘ನಿನ್ನ ತವರಿನಿಂದ ಬಂದ ಪೀಡೆ’ ಎಂಬ ಮಾತಿನಿಂದ ಒಬ್ಬ ಹೆಣ್ಣನ್ನು ಬಿಡಿಸುವ ವಿಜ್ಞಾನ ಆ ನಾಲ್ಕು ಕಾಳುಗಳಲ್ಲಿದೆ. ಇದೇ ಕಾರಣಕ್ಕೆ, ಬಸಿರಿಯರ ತಪಾಸಣೆಯಲ್ಲಿ ಹೆಂಡತಿಯನ್ನಷ್ಟೇ ಪರೀಕ್ಷಿಸಿ ವರದಿ ಕೊಟ್ಟು ಕಳಿಸುವ ಕ್ರಮವನ್ನು ನಾನು ಒಪ್ಪುವುದಿಲ್ಲ. ಗಂಡನನ್ನೂ ಕೂರಿಸಿಕೊಂಡು ಮಾತು ಶುರು ಮಾಡಬೇಕು.

ಇನ್ನೊಂದು ಸಂಗತಿಯನ್ನು ತರಬೇತಿಯಲ್ಲಿ ಮರೆಯದೆ ಹೇಳಿಕೊಡಿ. 1954ರಲ್ಲಿ ಆಂಥನಿ ಆಲಿಸನ್ ಆಫ್ರಿಕಾದಲ್ಲಿ ಕೆಲಸ ಮಾಡಿ, ಸಿಕಲ್ ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ಇದೆ ಎಂದು ತೋರಿಸಿದರು. ಮಲೇರಿಯಾ ದಟ್ಟವಾಗಿದ್ದ ಕಾಡುಗಳಲ್ಲಿ ಈ ಗುಣ ಉಳಿದು ಬಂದದ್ದು ಅದಕ್ಕೇ. ನಿಮ್ಮ ಹಿರಿಯರ ಮಕ್ಕಳು ಚಳಿಜ್ವರದಲ್ಲಿ ಬದುಕಿ ಉಳಿಯಲು ಈ ರಕ್ತವೂ ಕಾರಣ ಎಂದು ಪೋಡಿನ ಯಜಮಾನರ ಎದುರು, ಎಲ್ಲರಿಗೂ ಕೇಳುವಂತೆ ಹೇಳಬಹುದಾದ ಸತ್ಯ ಇದು. ನಾಚಿಕೆಯನ್ನು ತೆಗೆಯಲು ಇಷ್ಟು ಒಳ್ಳೆಯ ಆಧಾರ ಬೇರೆ ಕಾಯಿಲೆಗಳಿಗೆ ಸಿಗುವುದು ಅಪರೂಪ. ಹಾಗೆಯೇ, ಭಾರತದ ಸಿಕಲ್ ಸೆಲ್ ಸೌಮ್ಯವಾದದ್ದು ಎಂಬ ಹಳೆಯ ಮಾತನ್ನು ನಂಬಿ ಯಾರಿಗೂ ಭವಿಷ್ಯ ನುಡಿಯಬಾರದು. ನಮ್ಮವರಲ್ಲಿ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚು ಉಳಿಯುವುದು ನಿಜ. ಆದರೂ ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬ ಆಡಿಕೊಂಡಿದ್ದು, ಇನ್ನೊಬ್ಬ ಪದೇ ಪದೇ ಆಸ್ಪತ್ರೆ ಸೇರುವುದುಂಟು.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಹೆಗ್ಗಡದೇವನಕೋಟೆ ಕಡೆಯ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ದಶಕಗಳಿಂದ ಬುಡಕಟ್ಟು ಜನರ ನಡುವೆ ಆರೋಗ್ಯದ ಕೆಲಸ ಮಾಡುತ್ತ ಬಂದಿವೆ. ಕಲಿಯುವುದಕ್ಕೆ ನಿಮಗೆ ನೆಲ ಇದೆ. ನನ್ನ ಕೋರಿಕೆ ಇಷ್ಟು: ಮೂರೂ ವಿಭಾಗಗಳು ಸೇರಿ ಕನ್ನಡದಲ್ಲಿ ಒಂದು ತರಬೇತಿ ಶುರು ಮಾಡಿ. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಆ ಬಾಗಿದ ಕಣವನ್ನು ಕಣ್ಣಾರೆ ನೋಡಿದವರು, ವಾರ್ಡಿನಲ್ಲಿ ನೋವಿನ ರಾತ್ರಿ ಕಂಡವರು, ಹಾಡಿಯ ಮನೆಯ ಮುಂದೆ ಕೂತು ಕೇಳಿಸಿಕೊಂಡವರು, ಈ ಮೂರೂ ಆಗಿ ಹೊರಬರಲಿ. ಸೋಲಿಗ, ಜೇನು ಕುರುಬ, ಯರವ ಯುವಕ ಯುವತಿಯರಿಗೆ ಮೊದಲ ಪ್ರವೇಶ ಕೊಡಿ. ಅವರ ನುಡಿಯಲ್ಲಿ ಹೇಳಿದ ಮಾತು ಹೋಗಿ ತಲುಪುವ ಕಡೆಗೆ ನಮ್ಮ ಗ್ರಂಥದ ಕನ್ನಡ ತಲುಪುವುದಿಲ್ಲ. ಡಿಗ್ರಿ ಮುಗಿಸಿದವರೇ ಬೇಕೆಂಬ ಹಟ ಬೇಡ. ಹತ್ತನೆಯ ತರಗತಿ ಓದಿದ ಆಶಾ ಕಾರ್ಯಕರ್ತೆ ಕ್ಷಯದ ಮದ್ದನ್ನು ತಿಂಗಳುಗಟ್ಟಲೆ ತಪ್ಪದೆ ನುಂಗಿಸಿ ತೋರಿಸಿದ್ದಾಳೆ. ಕಲಿತು ಬಂದವರಿಗೆ ಸಂಬಳದ ಹುದ್ದೆ ಇರಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಲು ಒಂದು ಕೋಣೆ ಇರಲಿ. ಸರ್ಕಾರಕ್ಕೆ ಇದನ್ನು ಕೇಳುವ ಪತ್ರಕ್ಕೆ ನಿಮ್ಮ ಮೂರೂ ವಿಭಾಗಗಳ ಮುಖ್ಯಸ್ಥರ ಸಹಿ ಒಟ್ಟಿಗೆ ಬಿದ್ದರೆ ಅದರ ತೂಕವೇ ಬೇರೆ.

ಸಂಶೋಧನೆಯ ಬಗ್ಗೆಯೂ ಒಂದು ಮಾತು. ಹಾಡಿಗಳಿಗೆ ರಕ್ತದ ಮಾದರಿಗಾಗಿ ಹೋಗಿ, ಪ್ರಬಂಧ ಪ್ರಕಟವಾದ ಮೇಲೆ ಮರಳದಿರುವ ರೂಢಿ ನಿಲ್ಲಬೇಕು. ರಕ್ತ ಕೊಟ್ಟ ಪ್ರತಿ ಮನೆಗೂ ಅದರ ಅರ್ಥವನ್ನು ಹೇಳಿದ ಮೇಲೆಯೇ ಪಿಎಚ್‌ಡಿ ಪ್ರಬಂಧ ಸಲ್ಲಿಸಬೇಕು ಎಂಬ ನಿಯಮವನ್ನು ನಿಮ್ಮ ನೈತಿಕ ಸಮಿತಿಗಳು ಮಾಡಬಹುದು. ಅದಕ್ಕೆ ಯಾವ ಅನುದಾನವೂ ಬೇಡ.

ಮುಂದಿನ ಶೈಕ್ಷಣಿಕ ವರ್ಷದ ಪಠ್ಯಕ್ರಮ ಸಮಿತಿಗಳು ಸೇರುವ ಮುಂಚೆ ನೀವು ಒಮ್ಮೆ ಒಂದೇ ಮೇಜಿನ ಸುತ್ತ ಕೂತುಕೊಳ್ಳಿ. ಆ ಸಭೆಗೆ ಪೋಡಿನಿಂದ ಇಬ್ಬರು ತಾಯಂದಿರನ್ನೂ ಕರೆಯಿರಿ, ಮೊದಲು ಅವರೇ ಮಾತಾಡಲಿ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಜೀವಶಾಸ್ತ್ರ ಅಧ್ಯಾಪಕ
ಚಾಮರಾಜನಗರ ಜಿಲ್ಲೆ